ಐದು ಬಾಟ್ಲಿ ಕೆರಿ ನೀರು

ಜೂನ್ 11, ಮಂಗಳವಾರ

ಇವರನ್ನು ಇವತ್ತು ದವಾಖಾನೆಯಿಂದ ಕರೆದುಕೊಂಡು ಬಂದೆ. ಚೀಟಿಯ ಮೇಲೆ ‘ಸಂಗನಬಸವ, ವಯಸ್ಸು 46, ಮಾಲಿ. ಸಂಗಡ ಬಂದವರು: ಹೆಂಡತಿ ಮಹಾನಂದಾ’ ಅಂತ ಬರೆದಿದ್ದಾರೆ. ಎಡಗಾಲಿಗೆ ತೊಡೆಯ ತನಕ ಪ್ಲಾಸ್ಟರ್. ಮಂಟಪಕ್ಕೆ ದೀಪದ ಸರ ಕಟ್ಟುವಾಗ ಏಣಿ ಜಾರಿತು. ಮೂರು ತಿಂಗಳು ಕಾಲು ಊರುವ ಹಾಗಿಲ್ಲ.

ಸಾವ್ಕಾರ ಸಿದ್ದರಾಮ ಹುಬ್ಬಳ್ಳಿಯಿಂದ ನೋಡಲಿಕ್ಕೆ ಬಂದಿದ್ದರು. ಈ ಮದುವೆ ಲಾನ್ ಅವರದು. ಬಮ್ಮಿಗಟ್ಟಿ ರಸ್ತೆಯಿಂದ ಒಳಗೆ, ದೊಡ್ಡವ್ವನ ಕೆರೆಯ ದಂಡೆಗೆ ಎರಡು ಎಕರೆ ಹುಲ್ಲು, ನಡುವೆ ಮಂಟಪ, ಮೂಲೆಯಲ್ಲಿ ಎರಡೂವರೆ ವರ್ಷದಿಂದ ನಮಗೊಂದು ಖೋಲಿ. ಮೋಸಂಬಿ ಕೊಟ್ಟರು, ಚೊಲೋ ಮಾತಾಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, “ಮಹಾನಂದವ್ವಾ, ಹುಲ್ಲು ಕೆಂಪಾಗಬಾರದು ನೋಡ್ರಿ. ಆಗಲಿಲ್ಲಂದ್ರ ಈಗ ಹೇಳ್ರಿ, ಬ್ಯಾರೆ ಮಂದಿ ನೋಡತೀನಿ” ಅಂದರು.

“ಆಗತೈತ್ರಿ” ಅಂದೆ. ಹೇಗೆ ಆಗುತ್ತದೆ ಅಂತ ನನಗೂ ಗೊತ್ತಿಲ್ಲ. ಇಷ್ಟು ದಿನ ಲಾನಿನ ಕೆಲಸಕ್ಕೆ ನಾನು ಕೈ ಹಚ್ಚಿಲ್ಲ.

ಇವರ ಹತ್ತಿರ ಒಂದು ರಜಿಸ್ಟರ್ ಇದೆ. ಹುಲ್ಲು ಕತ್ತರಿಸಿದ ದಿನ, ಗೊಬ್ಬರ ಹಾಕಿದ ದಿನ ಅದರಲ್ಲಿ ಬರೆಯುತ್ತಾರೆ. ಇನ್ನು ನಾನು ಬರೆಯಬೇಕಂತೆ. ಅದರಲ್ಲಿ ದಿನಕ್ಕೆ ಒಂದೇ ಸಾಲು ಹಿಡಿಯುತ್ತದೆ. ಉಳಿದದ್ದಕ್ಕೆ ಈ ನೋಟ್‌ಬುಕ್ ಇರಲಿ.

ಜೂನ್ 14, ಶುಕ್ರವಾರ

ನಮ್ಮ ಮೊರಬದ ಎರೆ ಹೊಲದಲ್ಲಿ ಹುಲ್ಲು ಅಂದರೆ ಕಸ. ಅದನ್ನು ಕಿತ್ತು ಕಿತ್ತೇ ನಮ್ಮವ್ವನ ನಡ ಬಾಗಿತು. ಇಲ್ಲಿ ಆ ಹುಲ್ಲಿಗೇ ನೀರು ಕುಡಿಸಿ, ಗೊಬ್ಬರ ತಿನ್ನಿಸಿ, ಬೆಳೆದ ಮೇಲೆ ಕತ್ತರಿಸಿ, ಕತ್ತರಿಸಿದ್ದನ್ನು ಬುಟ್ಟಿ ತುಂಬಿ ಕೆರೆಗೆ ಚೆಲ್ಲುವುದು. ಇದಕ್ಕೆ ಪಗಾರ ಬೇರೆ.

“ದನಕ್ಕಾದ್ರೂ ಹಾಕಬಾರದೇನ್ರಿ?” ಅಂದೆ.

“ಔಷಧ ಹೊಡದಿರತೀವಿ, ದನಾ ತಿನಬಾರದು. ಕೆರಿಗೆ ಚೆಲ್ಲು, ಕೊಳತು ಹೋಗತೈತಿ” ಅಂದರು.

ಅವರು ಹೊರಸಿನ ಮೇಲೆ ಕೂತು ಹೇಳುತ್ತಾರೆ, ನಾನು ಮಾಡುತ್ತೇನೆ. ಕತ್ತರಿಸುವ ಮಷೀನು ಮೊದಲು ಎಮ್ಮೆಯ ಹಾಗೆ ಎಳೆದಾಡಿತು. ಆಮೇಲೆ ಮಾತು ಕೇಳಿತು. ಹೋಗುವಾಗ ಒಂದು ಬಣ್ಣ, ಬರುವಾಗ ಒಂದು ಬಣ್ಣ, ಪಟ್ಟೆ ಪಟ್ಟೆ ಜಮಖಾನೆ ಹಾಸಿದ ಹಾಗೆ. ಹುಲ್ಲು ಒಂದೇ ಇರುವಾಗ ಬಣ್ಣ ಎರಡು ಹೇಗೆ? ಬಗ್ಗಿ ನೋಡಿದೆ. ಎಲೆ ಆ ಕಡೆ ಬಾಗಿದರೆ ತಿಳಿ, ಈ ಕಡೆ ಬಾಗಿದರೆ ಕಪ್ಪು. ಅಷ್ಟೇ.

ಜೂನ್ 19, ಬುಧವಾರ

ಮಧ್ಯಾಹ್ನ ಮೋಡ ಕಟ್ಟಿತು. ಇವರು ಒಳಗಿನಿಂದಲೇ, “ಈಗ ಹಾಕು, ಈಗ ಹಾಕು! ಮಳಿ ಬರೂ ಮುಂದ ಹಾಕಿದ್ರ ನೀರು ಬಿಡೂ ಕೆಲಸ ಉಳಿತೈತಿ” ಅಂತ ಕೂಗಿದರು. ಡಿಎಪಿ ಒಂದು ಚೀಲ, ಯೂರಿಯಾ ಒಂದು ಚೀಲ. ಸೆರಗಿನಲ್ಲಿ ತುಂಬಿಕೊಂಡು, ಜೋಳ ಚೆಲ್ಲಿದ ಹಾಗೆ ಕೆಳಗೆ ನೀರಿನ ಅಂಚಿನ ತನಕ ಎರಚುತ್ತಾ ಹೋದೆ. ಕೊನೆಯ ಮುಷ್ಟಿ ಎರಚುವುದಕ್ಕೂ ಹನಿ ಬೀಳುವುದಕ್ಕೂ ಸರಿಹೋಯಿತು.

ಒಂದು ತಾಸು ಹೊಡೆಯಿತು. ಖೋಲಿಯ ಬಾಗಿಲಲ್ಲಿ ನಿಂತು ನೋಡಿದೆ. ನೀರು ಮಣ್ಣಿಗೆ ಇಳಿಯುವ ಬದಲು ಹುಲ್ಲಿನ ಮೇಲೇ ಓಡುತ್ತಿತ್ತು, ನೂರು ಸಣ್ಣ ಹಳ್ಳ, ಎಲ್ಲವೂ ಕೆರೆಯ ಕಡೆಗೆ.

“ಗೊಬ್ಬರ ಬೇರಿಗೆ ಇಳೀತು ಅಂತ ಹೆಂಗ ಗೊತ್ತಾಗೂದ್ರಿ?”

“ಹಸರಾದ್ರ ಗೊತ್ತಾಗತೈತಿ. ಭಾಳ ಕೇಳತೀ ನೀ.”

ರಜಿಸ್ಟರಿನಲ್ಲಿ ಬರೆದೆ: ಗೊಬ್ಬರ, ಎರಡು ಚೀಲ.

ಜೂನ್ 27, ಗುರುವಾರ

ಹಸಿರಾಯಿತು, ಆದರೆ ಎಲ್ಲ ಕಡೆ ಅಲ್ಲ. ಮೇಲೆ ಮಂಟಪದ ಬಾಜು ಹುಲ್ಲು ಇನ್ನೂ ತಿಳಿ. ಕೆಳಗೆ ನೀರಿನ ಅಂಚಿಗೆ ಒಂದು ಮಾರು ಅಗಲ ಮಾತ್ರ ಕಡುಹಸಿರು, ಸೀರೆಗೆ ದಡಿ ಹಾಕಿದ ಹಾಗೆ. ನಾನು ಎಲ್ಲ ಕಡೆ ಒಂದೇ ಅಳತೆಗೆ ಎರಚಿದ್ದೆ. ಗೊಬ್ಬರ ಮೇಲಿನಿಂದ ಕೆಳಗೆ ನಡೆದುಕೊಂಡು ಹೋಗಿರಬೇಕು. ಹೋದದ್ದು ಅಂಚಿಗೆ ಬಂದು ನಿಂತಿತೇ? ಅಲ್ಲಿ ಕಟ್ಟೆ ಇಲ್ಲ, ಏನೂ ಇಲ್ಲ.

ಇವರಿಗೆ ಹೇಳಿದೆ. “ಮ್ಯಾಲೆ ಕಮ್ಮಿ ಬಿದ್ದೈತಿ, ಇನ್ನೊಮ್ಮೆ ಹಾಕು” ಅಂದರು. ಮತ್ತೆ ಎರಡು ಚೀಲ. ಅವರು ಹೇಳಿದ ಹಾಗೆ.

ಜುಲೈ 8, ಸೋಮವಾರ

ಎಂಟು ದಿನದಿಂದ ಬಿಸಿಲೇ ಇಲ್ಲ ಅನ್ನುವ ಹಾಗೆ ಇತ್ತು, ನಿನ್ನೆ ಒಂದು ದಿನ ಬಿಸಿಲು ಬಿತ್ತು. ಇವತ್ತು ಕೆರೆ ನೋಡಿದರೆ ಹೆಸರುಕಾಳಿನ ಕಟ್ಟು ಕದಡಿದ ಹಾಗೆ. ಕೈ ಅದ್ದಿದರೆ ಬೆರಳಿಗೆ ಹಸಿರು ಹತ್ತುತ್ತದೆ.

ಕೆರೆಯ ಮೀನು ಹಿಡಿಯಲು ಗುತ್ತಿಗೆ ಹಿಡಿದಿರುವ ಸರ್ಫರಾಜ್ ನಮ್ಮ ಲಾನಿನಿಂದ ಕೆರೆಗೆ ಇಳಿಯುವ ಮೆಟ್ಟಿಲ ಮೇಲೆ ಕೂತು ನೀರನ್ನೇ ನೋಡುತ್ತಿದ್ದ. ಕಲಘಟಗಿಯವನು, ಮೂವತ್ತು ಮುಟ್ಟಿಲ್ಲ. ಯಾವಾಗಲೂ ನಗುವವನು.

“ಏನಾತೋ?”

“ಮುಂಜಾನಿ ಮೀನು ಮ್ಯಾಲೆ ಬಂದು ಬಾಯಿ ತಗದು ತಗದು ಉಸಿರಾಡಾಕತ್ತಾವ್ರಿ ಅಕ್ಕಾರ. ಹಸರು ನೀರಿನಾಗ ಹಗಲಿ ಪರವಾಗಿಲ್ಲ. ಮೋಡ ಮುಚ್ಚಿದ್ರ ಆತು, ಆ ಹಸರ ಉಸಿರೆಲ್ಲಾ ಕುಡದುಬಿಡತೈತಿ.”

“ಹಸರು ಉಸಿರಾಡತೈತಿ?” 

“ಅದಕ್ಕೂ ಜೀವ ಐತಲ್ರಿ.”

ಇಷ್ಟು ದಿನ ಅದನ್ನು ಬಣ್ಣ ಅಂದುಕೊಂಡಿದ್ದೆ. ಬಾಟ್ಲಿಯಲ್ಲಿ ತುಂಬಿ ಬಿಸಿಲಿಗೆ ಹಿಡಿದು ನೋಡಿದೆ. ಧೂಳಿನಂಥ ಕಣ, ಲಕ್ಷ ಲಕ್ಷ. ನೀರು ಬಣ್ಣ ಬದಲಿಸಿದ್ದಲ್ಲ, ನೀರಿನಲ್ಲಿ ಒಂದು ಬೆಳೆ ಬಂದಿದೆ. ಹಾಗಿದ್ದರೆ ಬಿತ್ತಿದವರು ಯಾರು?

ಜುಲೈ 15, ಸೋಮವಾರ

ಮೀನು ಸತ್ತವು. ಬೆಳಕು ಹರಿದಾಗ ನಮ್ಮ ದಂಡೆಯ ಉದ್ದಕ್ಕೂ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಕಾಟ್ಲಾ, ರೋಹು, ಕೆಲವು ನನ್ನ ತೋಳಿನಷ್ಟು ಉದ್ದ. ಸರ್ಫರಾಜ್ ಎಣಿಸಲು ಶುರುಮಾಡಿದ, ಇನ್ನೂರು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟ. ಯಾರ ಮೇಲೂ ಕೂಗಲಿಲ್ಲ. ಒಂದೊಂದನ್ನೇ ಎರಡೂ ಕೈಯಲ್ಲಿ ಎತ್ತಿ ಬುಟ್ಟಿಗೆ ಇಡುತ್ತಿದ್ದ, ಸತ್ತದ್ದನ್ನು ಇಷ್ಟು ಜೋಪಾನದಿಂದ ಎತ್ತುವುದು ನಾನು ನೋಡಿರಲಿಲ್ಲ. ನಾನೂ ಸೆರಗು ಸಿಗಿಸಿ ಇಳಿದೆ. ಲಿಂಗ ಕಟ್ಟಿದವಳು ಮೀನು ಮುಟ್ಟಿದೆ. ಮುಟ್ಟಬೇಕಿತ್ತು.

ವಾಸನೆಗೆ, ಶ್ರಾವಣದ ಮದುವೆಗೆ ಲಾನ್ ನೋಡಲು ಬಂದವರು ಬೇರೆ ಕಡೆ ಹೋದರು. ಸಾವ್ಕಾರರು ಫೋನಿನಲ್ಲಿ ಒದರಾಡಿದರು.

ಜುಲೈ 16, ಮಂಗಳವಾರ

ಪಂಚಾಯ್ತಿ ಮೆಂಬರ್ ಫಕೀರೇಶ ಹತ್ತು ಮಂದಿ ಕರೆದುಕೊಂಡು ಬಂದಿದ್ದ. ಕೆರೆ ಏರಿಯ ಮೇಲೆ ನಿಂತು ಆ ಕಡೆ ಈ ಕಡೆ ನೋಡಿದ. ಅದೇ ಹೊತ್ತಿಗೆ ಕೆಂಚವ್ವ ತನ್ನ ಮೂವತ್ತು ಕುರಿ ನೀರಿಗೆ ಬಿಟ್ಟಿದ್ದಳು. ಅರವತ್ತು ದಾಟಿದ ಮುದುಕಿ, ಹೆಗಲ ಮೇಲೆ ಕಂಬಳಿ, ಮಾತು ಕಮ್ಮಿ. ದಿನಾ ಮುಂಜಾನೆ ಅರ್ಧ ತಾಸು ನೀರು ಕುಡಿಸಿ ಹೋಗುತ್ತಾಳೆ.

“ನೋಡ್ರಿ, ಹಿಕ್ಕಿ ಹೆಂಗ ಬಿದ್ದಾವ! ಮಳಿ ಬಂದು ಎಲ್ಲಾ ನೀರಿಗೆ. ಮತ್ತ ಕೆರಿ ಹಸರಾಗದ ಏನು ಹಳದಿ ಆಗತೈತಿ?” ಅಂದ ಫಕೀರೇಶ. ಎಲ್ಲರೂ ಗೋಣು ಹಾಕಿದರು. ಇನ್ನು ಕುರಿ ಈ ಕಡೆ ತರಬಾರದು ಅಂತ ತೀರ್ಮಾನ ಆಯಿತು. ಅಲ್ಲೇ ಜಾಲಿ ಮುಳ್ಳು ಕಡಿದು ದಾರಿಗೆ ಹಚ್ಚಿದರು.

ಕೆಂಚವ್ವ ಅಳಲಿಲ್ಲ. “ನಮ್ಮ ಮುತ್ಯಾನ ಕಾಲದಿಂದ ಕುರಿ ಇಲ್ಲೇ ನೀರು ಕುಡದಾವ. ಆವಾಗ ಯಾಕ ಹಸರಾಗಲಿಲ್ಲೋ ತಮ್ಮಾ?” ಅಂತ ಕೇಳಿದಳು.

ನಾನು ಬುಟ್ಟಿಯಲ್ಲಿ ಕತ್ತರಿಸಿದ ಹುಲ್ಲು ಹೊತ್ತುಕೊಂಡು ಅವರ ಹಿಂದೆಯೇ ನಿಂತಿದ್ದೆ. ಚೆಲ್ಲದೆ ಹಾಗೇ ಖೋಲಿಗೆ ವಾಪಸ್ ತಂದೆ. ಯಾಕೆ ತಂದೆನೋ.

ಜುಲೈ 18, ಗುರುವಾರ

ಮುದುಕಿಯ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಹತ್ತನೇ ಇಯತ್ತೆಯಲ್ಲಿ ನಮಗೊಬ್ಬ ವಿಜ್ಞಾನದ ಮಾಸ್ತರರಿದ್ದರು. ಒಂದನ್ನು ತಿಳಿಯಬೇಕಾದರೆ ಅದೊಂದನ್ನೇ ಬದಲು ಮಾಡು, ಉಳಿದದ್ದೆಲ್ಲ ಹಾಗೇ ಇರಲಿ ಅನ್ನುತ್ತಿದ್ದರು. ಆಮೇಲೆ ಲಗ್ನ ಆಯಿತು, ಬದಲು ಮಾಡಲು ಏನೂ ಕೈಯಲ್ಲಿ ಇರಲಿಲ್ಲ.

ಮದುವೆಯವರು ಬಿಟ್ಟುಹೋದ ನೀರಿನ ಬಾಟ್ಲಿ ಐದು ತೊಳೆದೆ. ಕೆರೆಯ ಆ ತುದಿಯಲ್ಲಿ, ಹಳ್ಳ ಬಂದು ಸೇರುವಲ್ಲಿ ನೀರು ಇನ್ನೂ ತಿಳಿ ಇದೆ. ಅಲ್ಲಿಂದ ಐದನ್ನೂ ತುಂಬಿ ತಂದೆ. ಒಂದಕ್ಕೆ ಏನೂ ಹಾಕಲಿಲ್ಲ. ಒಂದಕ್ಕೆ ಚಿಟಿಕೆ ಯೂರಿಯಾ. ಒಂದಕ್ಕೆ ಚಿಟಿಕೆ ಡಿಎಪಿ. ಒಂದಕ್ಕೆ ಕತ್ತರಿಸಿದ ಹುಲ್ಲು ಒಂದು ಹಿಡಿ. ಇನ್ನೊಂದಕ್ಕೆ ಕುರಿ ಹಿಕ್ಕಿ ನಾಲ್ಕು. ಕುತ್ತಿಗೆಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ ಖೋಲಿಯ ಗೋಡೆಯ ಮೇಲೆ ಬಿಸಿಲಿಗೆ ಇಟ್ಟೆ.

“ನೀರಿನ ಅಂಗಡಿ ಇಡತೀ ಏನು?” ಅಂತ ಇವರು ನಕ್ಕರು. ಬಿದ್ದ ಮೇಲೆ ಮೊದಲ ಸಲ ನಕ್ಕದ್ದು. ನಗಲಿ.

ಜುಲೈ 21, ಭಾನುವಾರ

ಏನೂ ಇಲ್ಲ. ಹುಲ್ಲಿನ ಬಾಟ್ಲಿ ಮಾತ್ರ ಚಹಾದ ಬಣ್ಣ, ಮುಚ್ಚಳ ತೆಗೆದರೆ ಮೋರಿ ವಾಸನೆ.

ಜುಲೈ 25, ಗುರುವಾರ

ಡಿಎಪಿ ಬಾಟ್ಲಿಯ ತಳದಲ್ಲಿ ಹಸಿರು ಮಂಜು! ಹೊರಳಿಸಿದರೆ ಎದ್ದು ಸುತ್ತುತ್ತದೆ. ಮೂರು ಸಲ ಹೋಗಿ ನೋಡಿ ಬಂದೆ. ಮೂರನೇ ಸಲ ರೊಟ್ಟಿ ಸೀದಿತು.

ಜುಲೈ 29, ಸೋಮವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಬರೀ ನೀರು: ತಿಳಿ. ಯೂರಿಯಾ: ಸ್ವಲ್ಪ ಹಸಿರು. ಡಿಎಪಿ: ಗಿಣಿ ಹಸಿರು, ಆ ಕಡೆ ಹಿಡಿದ ಬೆರಳು ಕಾಣುವುದಿಲ್ಲ. ಹುಲ್ಲು: ಮೊದಲು ಕಂದು, ಈಗ ಮೇಲೆಲ್ಲ ಹಸಿರು ಕೆನೆ. ಕುರಿ ಹಿಕ್ಕಿ: ಅದೂ ಹಸಿರೇ. ಡಿಎಪಿಯಷ್ಟಿಲ್ಲ, ಆದರೂ ಹಸಿರು.

ಈ ಕೊನೆಯದು ಆಗಬಾರದಿತ್ತು ಅಂತ ಮನಸ್ಸು ಬಯಸುತ್ತಿತ್ತು. ಆದರೆ ಆಯಿತು. ಫಕೀರೇಶ ಹೇಳಿದ್ದು ಪೂರಾ ಸುಳ್ಳಲ್ಲ.

ಹಾಗಾದರೆ ಎಷ್ಟೆಷ್ಟು? ಮೂವತ್ತು ಕುರಿ, ದಿನಕ್ಕೆ ಅರ್ಧ ತಾಸು, ಏರಿಯ ಮೇಲೆ ಅಲ್ಲೊಂದು ಇಲ್ಲೊಂದು ಮುಷ್ಟಿ ಹಿಕ್ಕಿ. ನಾವು ಒಂದು ತಿಂಗಳಲ್ಲಿ ನಾಲ್ಕು ಚೀಲ ಗೊಬ್ಬರ, ವಾರಕ್ಕೆ ಹನ್ನೆರಡು ಬುಟ್ಟಿ ಹುಲ್ಲು. ಕುರಿ ನೂರು ವರ್ಷದಿಂದ ಬರುತ್ತಿವೆ. ನಾವು ಬಂದು ಎರಡೂವರೆ ವರ್ಷ.

ಬಿತ್ತಿದವಳು ನಾನೇ.

ಬಾಟ್ಲಿ ತಂದು ಇವರ ಮುಂದೆ ಸಾಲಾಗಿ ಇಟ್ಟು ಹೇಳಿದೆ. ಮುಖ ಗಂಟಾಯಿತು. “ಯಾರ ಮುಂದೂ ಬಾಯಿ ಬಿಡಬ್ಯಾಡ. ಸಾವ್ಕಾರಗ ಗೊತ್ತಾದ್ರ ಎಲ್ಲಿಗೆ ಹೋಗೂಣು? ಈ ಕಾಲು ತಗೊಂಡು ಮೊರಬದಾಗ ಯಾರ ಹೊಲಕ್ಕ ಕೂಲಿ ಹೋಗಲಿ? ಎರಡೂವರಿ ವರ್ಷ ನಾ ಕೆರಿ ಕೆಡಿಸೀನಿ ಅಂತೀ ಏನು?”

“ನೀವು ಅಂತ ಅಂದಿಲ್ರಿ.”

“ಮತ್ತ ಯಾರಂದಂಗಾತು?”

ಜುಲೈ 30, ಮಂಗಳವಾರ

ಇವರು ಮುಖ ಗೋಡೆಯ ಕಡೆ ಮಾಡಿ ಮಲಗಿದ್ದರು. ಹುಲ್ಲು ಕತ್ತರಿಸಿದೆ.

ಆಗಸ್ಟ್ 3, ಶನಿವಾರ

ಮೋಡ ಕಟ್ಟಿತು. ಇವರು ಚೀಲದ ಕಡೆ ಕಣ್ಣು ಮಾಡಿದರು. ಗೊಬ್ಬರ ತುಂಬಿದ ಬಕೆಟ್ ತಗೊಂಡು ಹೋದೆ, ಅದನ್ನು ಮಂಟಪದ ಹಿಂದೆ ಮುಚ್ಚಿಟ್ಟು, ಒಂದು ಗಳಿಗೆ ಕೂತು ಬರಿಗೈಯಲ್ಲಿ ಬಂದೆ.

“ಹಾಕಿದಿ?”

“ಹ್ಞೂಂ.”

ಹದಿನೆಂಟು ವರ್ಷದ ಸಂಸಾರದಲ್ಲಿ ಇವರಿಗೆ ಎಷ್ಟು ಸುಳ್ಳು ಹೇಳಿದ್ದೇನೆ ಅಂತ ನೆನಪು ಮಾಡಿಕೊಂಡೆ. ಸೀರೆಯ ವಿಷಯಕ್ಕೆ ಎರಡು. ಇದು ಮೂರನೆಯದು.

ಕತ್ತರಿಸಿದ ಹುಲ್ಲು ಈಗ ಹಿತ್ತಲಿನ ತಗ್ಗಿಗೆ ಹಾಕುತ್ತಿದ್ದೇನೆ, ಕೆರೆಗಲ್ಲ. ನಿನ್ನೆ ಅದರೊಳಗೆ ಕೈ ಇಟ್ಟರೆ ಬಿಸಿ ಅನ್ನದ ಪಾತ್ರೆಯ ಹಾಗೆ ಸುಡುತ್ತಿತ್ತು! ಬೆಂಕಿ ಇಲ್ಲ, ಬಿಸಿಲಿಲ್ಲ, ಎಲ್ಲಿಂದ ಬಂತು ಈ ಶಾಖ? ನೀರಿನ ಅಂಚಿಗೆ ನಾಲ್ಕು ಹೆಜ್ಜೆ ಅಗಲ ಮಷೀನು ಓಡಿಸುವುದನ್ನೂ ಬಿಟ್ಟಿದ್ದೇನೆ. ಎತ್ತರದ ಹುಲ್ಲು ಓಡುವ ನೀರನ್ನು ಹಿಡಿಯುತ್ತದೋ ಇಲ್ಲವೋ ನೋಡಬೇಕು. ಹೊರಸಿನಿಂದ ಆ ಅಂಚು ಕಾಣುವುದಿಲ್ಲ.

ಆಗಸ್ಟ್ 9, ಶುಕ್ರವಾರ, ಪಂಚಮಿ

ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಕೊಂಡು ಕೆಂಚವ್ವನ ಮನೆಗೆ ಹೋದೆ. ಕುರಿಗಳನ್ನು ಈಗ ಎರಡು ಮೈಲು ಆಚೆಯ ಬೇರೆ ಹಳ್ಳಕ್ಕೆ ಹೊಡೆಯುತ್ತಾಳೆ. ಅಂಗಾಲಿಗೆ ಮುಳ್ಳು ಹೋಗಿ ಕಾಲು ಬಾತಿತ್ತು. ಎರಡು ಮರಿ ದಾರಿ ನಡೆಯಲಾರದೆ ಮನೆಯಲ್ಲೇ ಕಟ್ಟಿದ್ದಳು.

ಉಂಡಿ ಮುಂದಿಟ್ಟು ಎಲ್ಲ ಹೇಳಿಬಿಟ್ಟೆ. ಬಾಟ್ಲಿ, ಗೊಬ್ಬರ, ಹುಲ್ಲು. ನಿನ್ನ ಕುರಿ ಹಿಕ್ಕಿನೂ ಹಸಿರಾಯಿತು ಅನ್ನುವುದನ್ನೂ ಹೇಳಿದೆ.

ಅವಳು ಎಳ್ಳುಂಡಿ ಪೂರಾ ತಿಂದು ಮುಗಿಸಿದಳು. “ಯಾವಾಗ ಗೊತ್ತಾತು?”

“ಹನ್ನೊಂದು ದಿನ ಆತು.”

“ಹನ್ನೊಂದು ದಿನಾ ನಾ ಹಳ್ಳಕ್ಕ ನಡದೀನಿ. ಈಗ ನನಗ ಹೇಳಿದ್ರ ಏನು ಬಂತ ಬೇ? ನನಗ ಮೊದಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳು.”

ಕೂತಲ್ಲಿಂದಲೇ ಮರಿಗಳಿಗೆ ಸೊಪ್ಪು ಎಸೆದು ಅವಳೇ, “ಆ ದಂಡಿಗೆ ಮೊದಲು ಏನಿತ್ತು ಗೊತ್ತೈತೇನು? ಆಳೆತ್ತರ ನೀರಹುಲ್ಲು, ಆಪು, ಜೇಕು. ಮ್ಯಾಲಿನ ನೀರು ಅದರಾಗ ಸೋಸಿ ಕೆರಿಗೆ ಇಳೀತಿತ್ತು. ನಿಮ್ಮ ಸಾವ್ಕಾರ ಜೆಸಿಬಿ ತಂದು ಒಂದ ದಿನದಾಗ ಬೋಳಿಸಿದ. ಹಳ್ಳ ಕೆರಿಗೆ ಕೂಡೂ ಕಡೆ ಇನ್ನೂ ಐತಿ. ಬುಡಾ ಸಮೇತ ಕಿತ್ತು ತಂದು ಹಚ್ಚು, ಹತ್ತತೈತಿ” ಅಂದಳು.

ಬರುವಾಗ ಕೆರೆಗೆ ಹಳ್ಳ ಸೇರುವ ಕಡೆ ಹೋಗಿ ನೋಡಿದೆ. ಆಪಿನ ನಡುವೆ ನಿಂತ ನೀರು ಕನ್ನಡಿ. ಎಷ್ಟು ಸಲ ಅದೇ ದಾರಿಯಲ್ಲಿ ಹೋಗಿದ್ದೇನೆ!

ಆಗಸ್ಟ್ 12, ಸೋಮವಾರ

ಮುಂಜಾನೆ ಆಪು ಕಿತ್ತು ತಂದು ಹದಿನಾರು ಬುಡ ಹಚ್ಚಿದೆ. ಮೊಣಕಾಲ ತನಕ ಕೆಸರು. ಖೋಲಿಗೆ ಬಂದರೆ ಇವರ ತೊಡೆಯ ಮೇಲೆ ರಜಿಸ್ಟರ್.

“ಮೂರನೇ ತಾರೀಖು ಗೊಬ್ಬರ ಹಾಕಿದ್ದು ಬರದಿಲ್ಲ ನೀ” ಅಂದರು.

“ಹಾಕಿಲ್ರಿ.”

ಬೈಯುತ್ತಾರೆ ಅಂದುಕೊಂಡೆ. ಪುಟ ತಿರುಗಿಸಿ ತಿರುಗಿಸಿ ಹೋದ ವರ್ಷದ ಪುಟಕ್ಕೆ ಬಂದರು. “ಹೋದ ವರ್ಷ ಜೂನ್ ಇಪ್ಪತ್ತೆರಡಕ್ಕ ಎರಡು ಚೀಲ. ಜುಲೈ ನಾಕಕ್ಕ ಎರಡು. ಜುಲೈ ಇಪ್ಪತ್ತರ ಸುಮಾರು ಸರ್ಫರಾಜನ ಹತ್ತಿಪ್ಪತ್ತು ಮೀನು ಸತ್ತಿದ್ದು. ಅವಾಗ ನಾನ ಅವಗ ಸಮಾಧಾನ ಹೇಳಿದ್ನಿ. ದೇವರ ಇಚ್ಛಾ ಅಂದಿದ್ನಿ.” ಬೆರಳು ಆ ಸಾಲಿನ ಮೇಲೇ ಇತ್ತು. ಅಕ್ಷರ ಅವರದೇ. “ಶನಿವಾರ ಪಂಚಾಯ್ತಿಯೊಳಗ ಸಭಾ ಐತಂತ. ಮುಳ್ಳು ತಗದು ಅಲ್ಲಿ ಗ್ವಾಡಿ ಕಟ್ಟಸತಾರಂತ. ಇದನ್ನ ತಗೊಂಡು ಹೋಗು.”

“ಕೆಲಸಾ?”

“ಕಾಲ ಮುರದೈತಿ. ಇನ್ನೇನು ಮುರಿಯೂದೈತಿ.”

ಆಮೇಲೆ ತಗ್ಗಿನ ಹುಲ್ಲು ಯಾಕೆ ಬಿಸಿಯಾಗುತ್ತದೆ ಅಂತ ನಾನು ಕೇಳಿದೆ. ಅವರಿಗೂ ಗೊತ್ತಿಲ್ಲ. ಒಂದು ಹಿಡಿ ತಂದು ತೋರಿಸು ಅಂದರು.

ಆಗಸ್ಟ್ 17, ಶನಿವಾರ

ಸಭೆ ಮುಗಿಸಿ ಈಗ ಬಂದೆ.

ಪಂಚಾಯ್ತಿ ಪಡಸಾಲೆಯಲ್ಲಿ ಮೂವತ್ತು ಮಂದಿ. ಹೆಂಗಸರು ನಾನು, ಕೆಂಚವ್ವ ಇಬ್ಬರೇ. ಸಾವ್ಕಾರರೂ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಗೋಡೆಯ ಕಲ್ಲು ನಾನೇ ಕೊಡುತ್ತೇನೆ ಅಂದರು. ಚಪ್ಪಾಳೆ ಬಿತ್ತು. ಕೆಂಚವ್ವ ಕಂಬಕ್ಕೆ ಒರಗಿ ನಿಂತಿದ್ದಳು, ನನ್ನ ಕಡೆ ನೋಡಲಿಲ್ಲ.

ಎದ್ದು ನಿಂತೆ. “ಒಂದು ಮಾತು ಹೇಳತೀನ್ರಿ” ಅಂದೆ. ಬುಟ್ಟಿಯಿಂದ ಐದು ಬಾಟ್ಲಿ ತೆಗೆದು ಮೇಜಿನ ಮೇಲೆ ಇಟ್ಟೆ.

“ಏನಬೇ, ಶರಬತ್ತು ತಂದೀ ಏನು?” ಅಂತ ಯಾರೋ ಅಂದರು. ನಗೆ ಎದ್ದಿತು. ನಗೆ ಮುಗಿಯುವ ತನಕ ಕಾದೆ. ಆಮೇಲೆ ಒಂದೊಂದೇ ಎತ್ತಿ, ಇದರೊಳಗೆ ಏನು ಹಾಕಿದೆ, ಎಷ್ಟು ದಿನಕ್ಕೆ ಏನಾಯಿತು ಅಂತ ಹೇಳಿದೆ. ಕುರಿ ಹಿಕ್ಕಿಯ ಬಾಟ್ಲಿ ಎತ್ತಿದಾಗ ಫಕೀರೇಶ, “ನೋಡ್ರಿ, ಅದೂ ಹಸರ ಐತಿ!” ಅಂದ.

“ಹೌದ್ರಿ, ಐತ್ರಿ. ಅದಕ್ಕ ತಂದೀನಿ. ಈಗ ಬಾಜುದ್ದನ್ನ ನೋಡ್ರಿ. ಇದು ಕುರಿ ನಾಕು ಹಿಕ್ಕಿ. ಇದು ಲಾನಿನ ಗೊಬ್ಬರ, ಒಂದು ಚಿಟಿಕಿ. ಚಿಟಿಕಿ ಅಷ್ಟ. ನಾನು ಈ ಮಳಿಗಾಲದಾಗ ನಾಕು ಚೀಲ ಹಾಕೀನಿ. ಕಟ್ ಮಾಡಿದ ಹುಲ್ಲು ವಾರಕ್ಕ ಹನ್ನೆರಡು ಬುಟ್ಟಿ ನೀರಿಗೆ ಚೆಲ್ಲೀನಿ. ರಜಿಸ್ಟರ್ ಇಲ್ಲೇ ಐತಿ, ತಾರೀಖು ಸಮೇತ. ಕೆರಿ ಕೆಡಿಸಿದ್ದು ಕೆಂಚವ್ವನ ಕುರಿ ಅಲ್ರಿ. ನಾವು.”

ಸರ್ಫರಾಜ್ ಎದ್ದು ಬಂದ. ಡಿಎಪಿ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದ, ಮುಚ್ಚಳ ತೆಗೆದು ಮೂಸಿದ. ಅವನಿಗೆ ಆ ವಾಸನೆ ಗೊತ್ತು.

“ನಿಮಗಿದು ಗೊತ್ತಾಗಿ ಎಷ್ಟು ದಿನಾ ಆತು ಅಕ್ಕಾರ?”

“ಹತ್ತೊಂಬತ್ತು ದಿನ.”

“ದಿನಾ ನಿಮ್ಮ ಮೆಟ್ಟಿಲ ಮ್ಯಾಲೆ ಕುಂದರತೀನಿ ನಾ” ಅಂದ. ಬಾಟ್ಲಿ ಇಟ್ಟು ಹೊರಗೆ ಹೋದ. ಬೈದಿದ್ದರೆ ಚೊಲೋ ಇತ್ತು.

ಗೋಡೆಯ ಮಾತು ಯಾರೂ ಮುಂದೆ ತೆಗೆಯಲಿಲ್ಲ. ಚಹಾ ಬಂತು. ಸಾವ್ಕಾರರು ಚಹಾ ಕುಡಿಯದೆ ಎದ್ದು, ಕಾರಿನ ಹತ್ತಿರ ನನ್ನನ್ನು ಕರೆದರು.

“ಮೊದಲ ನನ್ನ ಮುಂದ ಹೇಳಬೇಕಾಗಿತ್ತು.”

“ಹೇಳಬೇಕಿತ್ರಿ. ತಪ್ಪಾತು. ಹೇಳಿದ್ರ ನೀವು ಬ್ಯಾರೆ ಮಾಲಿ ನೋಡತಿದ್ರಿ.”

ಸುಳ್ಳು ಅನ್ನಲಿಲ್ಲ ಅವರು. ಕಾರಿನ ಬಾಗಿಲು ತೆಗೆದು ಹಾಗೇ ನಿಂತರು. “ಮೀನು ನಾರಿದ್ದಕ್ಕ ಒಂದು ಮದುವಿ ಹೋತು. ಹಂಗ ಮತ್ತ ನಾರೂದಿಲ್ಲಂತೀರೇನು?”

“ಗ್ಯಾರಂಟಿ ಕೊಡಾಕ ಬರೂದಿಲ್ರಿ. ಕಮ್ಮಿ ಆಗತೈತಿ.”

“ದಸರಾ ಮುಗದ ಮ್ಯಾಲೆ ಒಂದು ದೊಡ್ಡ ನಿಶ್ಚಯ ಐತಿ. ಅಲ್ಲಿತನಕ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ. ಬೀಗರು ಹುಲ್ಲಿನ ವಿಷಯಕ್ಕ ಒಂದು ಮಾತು ಅಂದ್ರೂ ಗಂಟು ಕಟ್ಟೂದು.”

ಕೆಂಚವ್ವ ನನಗಿಂತ ಮೊದಲೇ ಹೋಗಿಬಿಟ್ಟಿದ್ದಳು.

ಆಗಸ್ಟ್ 20, ಮಂಗಳವಾರ

ದಾರಿಯ ಮುಳ್ಳು ಇವತ್ತು ಇಲ್ಲ. ತೆಗೆದವರು ಯಾರು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಫಕೀರೇಶನ ಬಲಗೈಗೆ ಎರಡು ಕಡೆ ಗೀರಿತ್ತು. ಕೇಳಲಿಲ್ಲ.

ಕುರಿಗಳು ಬಂದವು. ನಾನು ನೋಡುತ್ತಾ ನಿಂತಿದ್ದೆ. “ಏನ್ ನೋಡತೀ, ಕುರಿ ನೋಡಿಲ್ಲೇನು?” ಅಂದಳು ಕೆಂಚವ್ವ. ಕುರಿಗಳನ್ನು ಏರಿಯ ಮೇಲೆ ಬಹಳ ಹೊತ್ತು ನಿಲ್ಲಿಸದೆ, ನೀರು ಕುಡಿದ ಕೂಡಲೇ ಹೊಡೆದುಕೊಂಡು ಹೋದಳು. ನಾನು ಹೇಳಿರಲಿಲ್ಲ.

ಸೆಪ್ಟೆಂಬರ್ 1, ಭಾನುವಾರ

ದೊಡ್ಡ ಮಳೆ. ಗೋಣಿಚೀಲ ತಲೆಗೆ ಹಾಕಿಕೊಂಡು ಇಳಿಜಾರಿಗೆ ಓಡಿದೆ. ಹುಲ್ಲಿನ ಮೇಲಿಂದ ಬರುವ ನೀರು ಎತ್ತರದ ಅಂಚಿಗೆ ಬಂದ ಕೂಡಲೇ ಮೆತ್ತಗಾಗುತ್ತದೆ, ದಾರಿ ತಪ್ಪಿದ ಮಂದಿಯ ಹಾಗೆ ಅತ್ತ ಇತ್ತ ಸುಳಿದು ನಿಧಾನ ಇಳಿಯುತ್ತದೆ. ಅಂಚಿನ ಮೇಲೆ ಒಂದು ಬಾಟ್ಲಿ ಹಿಡಿದೆ, ಕೆಳಗೆ ಒಂದು. ಮೇಲಿನದು ರಾಡಿ, ಕೆಳಗಿನದು ಅರ್ಧ ತಿಳಿ. ಮೆಟ್ಟಿಲು ಇರುವ ಕಡೆ ಅಂಚಿಲ್ಲ, ಅಲ್ಲಿ ರಾಡಿ ಹಾಗೇ ಇಳಿಯಿತು. ಮೆಟ್ಟಿಲ ತಲೆಗೆ ಒಂದು ಅಡ್ಡ ಕಾಲುವೆ ತೋಡಿ ನೀರನ್ನು ಆಪಿನ ಕಡೆ ತಿರುಗಿಸಬೇಕು.

ತೊಯ್ದು ತಪ್ಪಡಿಯಾಗಿ ಬಂದೆ. ಇವರು ಟವೆಲ್ ಕೊಟ್ಟು, “ಕೆಳಗಿಂದು ತೋರಿಸು ಮೊದಲ” ಅಂದರು.

ಸೆಪ್ಟೆಂಬರ್ 9, ಸೋಮವಾರ

ಪ್ಲಾಸ್ಟರ್ ಬಿಚ್ಚಿದರು. ಕಾಲು ಕಡ್ಡಿಯಾಗಿದೆ. ಕೋಲು ಊರಿಕೊಂಡು ಹತ್ತು ಹೆಜ್ಜೆ ಇಟ್ಟರು, ಹನ್ನೊಂದನೆಯದಕ್ಕೆ ಆಪಿನ ಮುಂದೆ ಹೋಗಿ ಕೂತರು. ಹದಿನಾರು ಬುಡದಲ್ಲಿ ಹದಿಮೂರು ಹತ್ತಿವೆ. ಮೂರು ಯಾಕೆ ಹತ್ತಲಿಲ್ಲ ಅಂತ ಇಬ್ಬರೂ ಬಹಳ ಹೊತ್ತು ಮಾತಾಡಿದೆವು.

ಸೆಪ್ಟೆಂಬರ್ 24, ಮಂಗಳವಾರ

ಸರ್ಫರಾಜ್ ಬಂದ. ಐದು ವಾರದ ಮೇಲೆ. ಮೆಟ್ಟಿಲ ಮೇಲೆ ಕೂಡಲಿಲ್ಲ, ನಿಂತೇ ಇದ್ದ. ಕೈಯಲ್ಲಿ ಒಂದು ಬಾಟ್ಲಿ ನೀರು.

“ಇದು ಗೋವಿನಜೋಳದ ಹೊಲದ ಕಡೆಯಿಂದ ಬರೂ ಕಾಲುವಿ ನೀರು. ಇದನ್ನೂ ನೋಡ್ರಿ. ನಿಮ್ಮ ಲಾನ್ ಒಂದ ಅಲ್ಲ ಅಂತ ನನಗ ಸಂಶೆ ಐತಿ.”

“ನಿನ್ನ ಮೀನು...” ಅಂದೆ.

“ಮರಿ ಬಿಟ್ಟೀನ್ರಿ, ಹೋದ ವಾರ.” ಬಾಟ್ಲಿ ನನ್ನ ಕೈಗಿಟ್ಟು, “ಸಿಟ್ಟು ಹೋಗಿಲ್ಲ ಅಕ್ಕಾರ. ಬಾಟ್ಲಿ ನೋಡ್ರಿ” ಅಂದ.

ನೀಲಿ ದಾರ ಕಟ್ಟಿ ಗೋಡೆಯ ಮೇಲೆ ಇಟ್ಟೆ. ಬಾಜು ಒಂದು ಬರೀ ನೀರಿನದು.

ಅಕ್ಟೋಬರ್ 18, ಶುಕ್ರವಾರ

ನಿನ್ನೆ ನಿಶ್ಚಯ ಆಯಿತು. ನಾನೂರು ಮಂದಿ. ಇಬ್ಬರೂ ಎದೆ ಹಿಡಿದುಕೊಂಡು ಮಂಟಪದ ಹಿಂದೆ ನಿಂತಿದ್ದೆವು. ಯಾವ ಬೀಗರು ಏನು ಅನ್ನುತ್ತಾರೋ! ಮಿರ್ಚಿ ಭಜಿ ತಣ್ಣಗಾಗಿದೆ ಅಂದರು. ಮೈಕು ಕೀರ್ ಅನ್ನುತ್ತದೆ ಅಂದರು. ಗಂಡಿನ ಸೋದರಮಾವನಿಗೆ ಟೊಪ್ಪಿಗೆ ಸಣ್ಣದಾಯಿತು, ಅದಕ್ಕೊಂದು ಜಗಳ. ಹುಲ್ಲಿನ ಅಂಚನ್ನು ನಾನೂರರಲ್ಲಿ ಒಬ್ಬರೂ ನೋಡಲಿಲ್ಲ. ನನಗೇ ಸ್ವಲ್ಪ ಬೇಜಾರಾಯಿತು.

ಇವತ್ತು ಮುಂಜಾನೆ ಆಪಿನ ನಡುವೆ ನೀರಿಗೆ ಇಳಿದೆ. ಏರಿಯ ಕಡೆ ಕೆರೆ ಇನ್ನೂ ಹಸಿರಿದೆ. ಗೋವಿನಜೋಳದ ಕಾಲುವೆಯ ಬಾಟ್ಲಿಯೂ ಹಸಿರಾಗಿದೆ. ಫಕೀರೇಶನ ಹೊಲ ಅದು, ಸೋಮವಾರ ಹೋಗಿ ಮಾತಾಡಬೇಕು. ಆದರೆ ನಮ್ಮ ಅಂಚಿನಲ್ಲಿ ಮೊಣಕಾಲ ಆಳದ ನೀರಿನಲ್ಲಿ ನನ್ನ ಕಾಲುಂಗುರ ಕಂಡಿತು. ಅಲುಗಾಡದೆ ನಿಂತೆ. ಸಣ್ಣ ಮರಿ ಮೀನು ಐದಾರು ಬಂದು ಹಿಮ್ಮಡಿಯನ್ನು ಮೂಸಿ ನೋಡಿ ಹೋದವು. ದೊಡ್ಡ ಮೀನಿನಿಂದ ತಪ್ಪಿಸಿಕೊಳ್ಳಲು ಆಪಿನ ಬುಡಕ್ಕೆ ಬರುತ್ತವೆಯೋ, ಅಲ್ಲಿ ತಿನ್ನಲು ಏನಾದರೂ ಇದೆಯೋ? ಸರ್ಫರಾಜನನ್ನು ಕೇಳಬೇಕು.

ಇವರು ದಂಡೆಯಿಂದ ಕೂಗಿದರು. ಫೋನಿನಲ್ಲಿ ಸಾವ್ಕಾರರು. “ಮಾಲಿ ನೀರಿನಾಗ ಅದಾಳ್ರಿ, ಕೊಡತೀನಿ ತಡೀರಿ” ಅಂತ ಇವರು ಹೇಳುವುದು ಕೇಳಿಸಿತು. ಒದ್ದೆ ಕೈಯಲ್ಲೇ ಫೋನು ತಗೊಂಡೆ.

“ಮಹಾನಂದವ್ವಾ, ಹುಲ್ಲು ಹೆಂಗೈತ್ರಿ?”

“ಚೊಲೋ ಐತ್ರಿ. ನೀರಿನ ತಳಾ ಕಾಣತೈತಿ” ಅಂದೆ.

ಅವರು ನಕ್ಕುಬಿಟ್ಟರು. ಯಾಕೆ ನಕ್ಕರೋ ತಿಳಿಯಲಿಲ್ಲ.